ಒಂದೇ ಸಲ ಕರೆಯುವವರು

ಸೆಂಬವಾಂಗ್, ಹನ್ನೊಂದನೇ ಮಹಡಿ

ನನಗೆ ನೀರೆಂದರೆ ಭಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂಗಪುರಕ್ಕೆ ಹೋಗಿಬಂದವಳು ಹೂದೋಟ, ಗಾಜಿನ ಕಟ್ಟಡ, ಅಂಗಡಿ ಬೀದಿಗಳ ಸುದ್ದಿ ಹೇಳುತ್ತಾಳೆ ಎಂದು ಕಾದು ಕೂತವರಿಗೆ ನಿರಾಸೆಯಾದೀತು. ಎಂಟು ವರ್ಷದವಳಿದ್ದಾಗ ತಲಕಾಡಿನಲ್ಲಿ ನಾವು ಕೂತಿದ್ದ ಹರಿಗೋಲು ವಾಲಿ, ಕಾವೇರಿಯ ನೀರು ನನ್ನ ಮೂಗು ಬಾಯಿಗೆಲ್ಲ ಹೋಗಿತ್ತು. ಯಾರೂ ಮುಳುಗಲಿಲ್ಲ. ಅಂಬಿಗ ನಕ್ಕ, ಅಪ್ಪನೂ ನಕ್ಕರು. ಆವತ್ತಿನಿಂದ ನಾನು ನಂಬಿರುವುದು ಬಕೆಟ್ಟಿನ ನೀರನ್ನು ಮಾತ್ರ.

ಹಾಗಿದ್ದವಳು ನಾಲ್ಕೂ ಕಡೆ ಸಮುದ್ರವಿರುವ ಊರಿಗೆ ಹೋದದ್ದು ತಂಗಿಯ ಮಗಳು ಅನಘಾಳಿಂದಾಗಿ. ತಂಗಿ ವೀಣಾ ಇಪ್ಪತ್ತು ವರ್ಷದಿಂದ ಅಲ್ಲಿದ್ದಾಳೆ. ಅನಘಾ ಅಲ್ಲೇ ಬೆಳೆದು, ಶಾಲೆಯಲ್ಲಿ ಮಲಯ ಭಾಷೆ ಕಲಿತು, ಈಗ ಕಾಲೇಜಿನ ಕೊನೆಯ ವರ್ಷಕ್ಕೆ ಒಂದು ವಿಚಿತ್ರವಾದ ವಿಷಯ ಹಿಡಿದಿದ್ದಳು: ಸಿಂಗಪುರದ ಸುತ್ತಲಿನ ದ್ವೀಪಗಳ ಮೂಲನಿವಾಸಿಗಳಾದ ಕಡಲ ಜನ ಡಚ್ಚರನ್ನು ಮೊದಮೊದಲು ಕಂಡಾಗ ಏನಾಯಿತೆಂದು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆಗಳು. ನಾನು ಮೈಸೂರಿನಲ್ಲಿ ಮೂವತ್ತೊಂದು ವರ್ಷ ರೇಡಿಯೋ ಕೇಂದ್ರವೊಂದರಲ್ಲಿ ಧ್ವನಿಮುದ್ರಣ ಮಾಡಿ ನಿವೃತ್ತಳಾದವಳು. "ದೊಡ್ಡಮ್ಮ, ನಿಮ್ ಮೆಷಿನ್ ತಗೊಂಡ್ ಬನ್ನಿ, ಅರ್ಜೆಂಟ್" ಎಂದು ಅವಳು ಫೋನ್ ಮಾಡಿದಾಗ ನನಗೆ ಹೆಮ್ಮೆಯೇ ಆಯಿತು. ದೋಣಿಯ ವಿಷಯವನ್ನು ಅವಳು ಆಗ ಹೇಳಲಿಲ್ಲ.

ಹೋದ ಮಾರನೆಯ ದಿನವೇ ಮಾನ ಹೋಯಿತು. ಮಧ್ಯಾಹ್ನ ಸೊಪ್ಪು ಸೋಸುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಊರಿಗೆ ಊರೇ ಸೈರನ್ ಕೂಗತೊಡಗಿತು. ಯುದ್ಧವೇ ಶುರುವಾಯಿತೆಂದು ನಾನು ಊಟದ ಮೇಜಿನ ಕೆಳಗೆ ತೂರಿಕೊಂಡು "ವೀಣಾ, ಬಾರೇ ಒಳಗೆ" ಎಂದು ಕಿರುಚಿದೆ. ವೀಣಾ ಒಲೆಯ ಮುಂದಿನಿಂದ ಅಲ್ಲಾಡಲೂ ಇಲ್ಲ. "ಅಕ್ಕ, ಇವತ್ತು ಒಂದನೇ ತಾರೀಖು. ತಿಂಗಳಿಗೊಂದ್ಸಲ ಟೆಸ್ಟ್ ಮಾಡ್ತಾರೆ. ಎದ್ ಬಾ, ಒಗ್ಗರಣೆ ಸೀಯತ್ತೆ" ಎಂದಳು. ಕಿಟಕಿಯಿಂದ ನೋಡಿದರೆ ಕೆಳಗೆ ಒಬ್ಬ ಮುದುಕ ಆ ಸದ್ದಿನಲ್ಲೇ ತನ್ನ ಹಕ್ಕಿಯ ಪಂಜರ ಹಿಡಿದು ನಿಧಾನವಾಗಿ ನಡೆಯುತ್ತಿದ್ದ. ಇವರಿಗೆ ಯಾವ ಕೂಗಿಗೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎನ್ನುವುದು ಗೊತ್ತು. ನನಗೆ ಗೊತ್ತಿರಲಿಲ್ಲ.

ಅದೇ ಕಿಟಕಿಯಿಂದ ಜಲಸಂಧಿಯೂ ಕಾಣುತ್ತಿತ್ತು. ಆಚೆ ದಡದಲ್ಲಿ ಮಲೇಷ್ಯಾ, ನಡುವೆ ಕಂದು ನೀರು, ಅದರ ಮೇಲೆ ಅಲ್ಲಾಡದೆ ನಿಂತ ಹಡಗುಗಳು. ನಾನು ಪರದೆ ಎಳೆದು ಮಲಗುತ್ತಿದ್ದೆ.

ವಾಯ್ಡ್ ಡೆಕ್

ಅಲ್ಲಿನ ವಸತಿ ಕಟ್ಟಡಗಳ ನೆಲಮಟ್ಟದಲ್ಲಿ ಮನೆಗಳಿರುವುದಿಲ್ಲ. ಕಂಬಗಳು, ಕಲ್ಲಿನ ಮೇಜುಗಳು, ಗಾಳಿ. ಅದನ್ನು ವಾಯ್ಡ್ ಡೆಕ್ ಎನ್ನುತ್ತಾರೆ. ಮದುವೆಯ ಊಟವೂ ಅಲ್ಲೇ, ಸಾವಾದಾಗ ಹಾಕುವ ಕುರ್ಚಿಗಳೂ ಅಲ್ಲೇ. ಜೆರಿಯಾ ಅಜ್ಜಿ ನಮಗಾಗಿ ಅಲ್ಲಿ ಕಾಯುತ್ತಿದ್ದರು. ಪಕ್ಕದ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ ಮಗ ಹಮೀದನ ಜೊತೆ ಇದ್ದಾರೆ. ಅನಘಾ ಅವರನ್ನು ನೆನೆಕ್ ಎಂದು ಕರೆಯುತ್ತಿದ್ದಳು. ಮಲಯದಲ್ಲಿ ಅಜ್ಜಿ ಎಂದು ಅರ್ಥ. ಎಂಬತ್ತು ದಾಟಿದ ಪುಟ್ಟ ಹೆಂಗಸು. ಪಾದದ ಬೆರಳುಗಳು ಮಾತ್ರ ಅಗಲವಾಗಿ ಬಿಚ್ಚಿಕೊಂಡಿದ್ದವು. ದೋಣಿಯಲ್ಲೇ ಹುಟ್ಟಿ, ಹನ್ನೆರಡು ವರ್ಷದವರೆಗೆ ದೋಣಿಯಲ್ಲೇ ಮಲಗಿದವರಂತೆ.

ಬಾಳೆಎಲೆಯಲ್ಲಿ ಸುತ್ತಿ ಸುಟ್ಟ ಅಂಟು ಅಕ್ಕಿಯ ತಿಂಡಿ ಕೊಟ್ಟರು. ನಮ್ಮ ಕಡುಬಿನ ನೆಂಟನೇ ಎಂದು ಖುಷಿಯಿಂದ ಅರ್ಧ ಕಚ್ಚಿದೆ. "ದೊಡ್ಡಮ್ಮ, ಒಳಗಡೆ ಒಣಸೀಗಡಿ ಇದೆ" ಎಂದು ಅನಘಾ ಪಿಸುಗುಟ್ಟಿದಳು. ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಸಸ್ಯಾಹಾರಿಯಾದ ನಾನು ಹೆದರಿಕೆಗೆ ಅಗಿಯದೆ ನುಂಗಿದೆ.

ಅಜ್ಜಿ ನನ್ನ ಹೆಸರು ಕೇಳಿದರು. ಹೇಳಿದೆ. "ಶಾ... ರ... ದಾ" ಎಂದು ಬಿಡಿಸಿ ಹೇಳಿಕೊಂಡರು. ಅವರ ಸ್ವರ ಕೇಳಿ ನನ್ನ ಕಿವಿ ಚುರುಕಾಯಿತು. ಮಡಕೆಯನ್ನು ಸಿಮೆಂಟಿನ ಮೇಲೆ ಎಳೆದ ಹಾಗಿತ್ತು. ಗಂಟಲಿನಲ್ಲಿ ಗಡ್ಡೆ. ಬರುವ ಗುರುವಾರ ಶಸ್ತ್ರಚಿಕಿತ್ಸೆ. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಅವರಿಗೆ ಈ ಒಡಕು ದನಿಯೂ ಇರುವುದಿಲ್ಲ. ಡಚ್ಚರ ಕಥೆಯನ್ನು ಅವರ ಕುಟುಂಬದಲ್ಲಿ ಹಿರಿಯ ಹೆಂಗಸಿನ ಬಾಯಿಂದಲೇ ಕೇಳಬೇಕು. ಮುಂದೆ ಹೇಳಬೇಕಾದ ಮೊಮ್ಮಕ್ಕಳು ಊರಿನ ಇನ್ನೊಂದು ತುದಿಯ ಜುರಾಂಗ್ ವೆಸ್ಟಿನಲ್ಲಿದ್ದಾರೆ, ಕೂತು ಕೇಳಲು ಅವರಿಗೆ ಪುರುಸೊತ್ತಾಗಿಲ್ಲ. ನನ್ನನ್ನು ಅರ್ಜೆಂಟಾಗಿ ಕರೆಸಿದ್ದು ಇದಕ್ಕೆ.

ನಾನು ಅಲ್ಲೇ ಕಲ್ಲಿನ ಮೇಜಿನ ಮೇಲೆ ಮೈಕು ಇಡಲು ಹೊರಟೆ. ಅಜ್ಜಿ ಕೈ ಅಡ್ಡ ಹಿಡಿದರು.

"ಈ ಕಥೆ ನೆಲದ್ ಮೇಲೆ ಹೇಳಲ್ವಂತೆ" ಎಂದಳು ಅನಘಾ. "ಬೋಟಲ್ಲೇ ಹೇಳ್ಬೇಕಂತೆ."

"ಯಾಕಂತೆ?"

"ನಡೆದಿದ್ದು ನೀರಲ್ಲಿ ಅಲ್ವಾ, ನೀರು ಕೇಳ್ತಾ ಇರ್ಬೇಕಂತೆ. ಇಲ್ದಿದ್ರೆ ಹೇಳೋರು ಸುಳ್ಳು ಸೇರಿಸ್ತಾರಂತೆ."

ನಾನು ಮೈಕನ್ನು ಮತ್ತೆ ಚೀಲಕ್ಕೆ ಸೇರಿಸಿದೆ. "ನೀನೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡ್ ಬಾ ಪುಟ್ಟಾ" ಎಂದೆ.

"ದೊಡ್ಡಮ್ಮ, ಆ ವಾಯ್ಸ್ ಕೇಳಿದ್ರಲ್ಲ. ಫೋನಲ್ಲಿ ಬರೀ ಗಾಳಿ ಬರತ್ತೆ. ಇನ್ನೊಂದ್ ಟೇಕ್ ಇಲ್ಲ ಲಾ." ಮಾತಿನ ಕೊನೆಗೆ ಅಲ್ಲಿನವರು ಅಂಟಿಸುವ ಆ "ಲಾ" ಅವಳಿಗೂ ಅಂಟಿತ್ತು.

ಮೂವತ್ತೊಂದು ವರ್ಷ ದನಿಗಳ ಜೊತೆ ಬದುಕಿದವಳಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಆ ರಾತ್ರಿ ವೀಣಾ ಬಿಸಿಬೇಳೆಬಾತ್ ಬಡಿಸುತ್ತಿದ್ದಳು. ಹೆದರಿಕೆಯಾಗ್ತಿದೆ ಕಣೇ ಎಂದೆ. "ಲೈಫ್ ಜಾಕೆಟ್ ಕೊಡ್ತಾರೆ ಅಕ್ಕ, ಅದನ್ನ ಮಾತ್ರ ಬಿಚ್ಚಬೇಡ" ಎಂದಳು ವೀಣಾ.

ಜಲಸಂಧಿ

ಹಮೀದ್ ಐವತ್ತೈದರ ಗಟ್ಟಿಮುಟ್ಟಾದ ಮನುಷ್ಯ. ಜಲಸಂಧಿಯಲ್ಲಿ ತೇಲುವ ಪಂಜರಗಳಲ್ಲಿ ಮೀನು ಸಾಕುವ ಕಡೆ ಕೆಲಸ. ಮರದ ದೋಣಿ, ಹಿಂದೆ ಒಂದು ಇಂಜಿನ್. ಮರುದಿನ ಬೆಳಿಗ್ಗೆ ಎಂಟಕ್ಕೆ ನನ್ನನ್ನು ಅಕ್ಕಿಮೂಟೆಯಂತೆ ಎತ್ತಿ ಒಳಗಿಳಿಸಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದ. "ಆಂಟಿ, ಹೋಲ್ಡ್ ಹಿಯರ್, ಓಕೆ? ನಥಿಂಗ್ ಹ್ಯಾಪನ್ ಲಾ."

ನಾನು ಹಲಗೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅನಘಾ ನನ್ನ ಹೆಗಲಿನಿಂದ ಯಂತ್ರದ ಚೀಲವನ್ನು ತಾನೇ ಇಳಿಸಿಕೊಳ್ಳಬೇಕಾಯಿತು. ನೀರು ಕಾವೇರಿಯ ಹಾಗೆ ಹರಿಯುತ್ತಿರಲಿಲ್ಲ. ಸುಮ್ಮನೆ ಉಬ್ಬುತ್ತ ಇಳಿಯುತ್ತ ಇತ್ತು, ನಿದ್ದೆಯಲ್ಲಿರುವ ಪ್ರಾಣಿಯ ಹೊಟ್ಟೆಯಂತೆ. ಅರ್ಧ ಗಂಟೆ ಹೋದ ಮೇಲೆ ಕಾಂಡ್ಲಾ ಕಾಡು ಬಂತು. ಉಪ್ಪುನೀರಿನಲ್ಲೇ ಬೆಳೆಯುವ, ಬೇರುಗಳ ಮೇಲೆ ನಿಂತ ಮರಗಳು. ಅದರ ಮುಂದೆ ಇಳಿತದಲ್ಲಿ ಎದ್ದು ಕಾಣುವ ಒಂದು ಮರಳದಿಬ್ಬ. ಹಮೀದ್ ಇಂಜಿನ್ ಆರಿಸಿದ.

ಅಜ್ಜಿ ಕೈಯನ್ನು ನೀರಿನಲ್ಲಿ ಅದ್ದಿ ತುಟಿಗೆ ಮುಟ್ಟಿಸಿಕೊಂಡು ಶುರು ಮಾಡಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಮೇಲೆ ನನ್ನ ಭಯ ಸ್ವಲ್ಪ ಹಿಂದೆ ಸರಿಯಿತು. ಮಾತು ಅರ್ಥವಾಗದಿದ್ದರೂ ಆ ದನಿಯ ಏರಿಳಿತಕ್ಕೆ ಯಂತ್ರದ ಧ್ವನಿಮಟ್ಟ ಹೊಂದಿಸುವುದು ನನ್ನ ಕೆಲಸ. ವಾಕ್ಯ ವಾಕ್ಯಕ್ಕೂ ಅಜ್ಜಿ ನಿಲ್ಲಿಸುತ್ತಿದ್ದರು, ಅನಘಾ ಕನ್ನಡದಲ್ಲಿ ಹೇಳುತ್ತಿದ್ದಳು.

ಬೆಲಂಡ, ಅಂದರೆ ಡಚ್ಚರು, ಮೊದಲು ಬಂದಾಗ ಕಡಲ ಜನ ಅವರ ಹತ್ತಿರ ಹೋಗಲಿಲ್ಲ. ಆಮೆಚಿಪ್ಪು, ಮೇಣ, ಒಣಗಿಸಿದ ಕಡಲಹುಳು, ಏನಿದ್ದರೂ ಈ ದಿಬ್ಬದ ಮೇಲಿಟ್ಟು ಕಾಡಿನೊಳಗೆ ಅಡಗಿ ಕೂರುತ್ತಿದ್ದರು. ಹಡಗಿನವರು ಬಂದು ಅದನ್ನು ಎತ್ತಿಕೊಂಡು ಕಬ್ಬಿಣದ ಚೂರಿ, ನೀಲಿ ಬಟ್ಟೆ ಇಟ್ಟು ಹೋಗುತ್ತಿದ್ದರು. ಮುಖ ನೋಡದ ವ್ಯಾಪಾರ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಹಡಗಿನವರಿಗೆ ಚಿಪ್ಪು ಬೇಡವಾಯಿತು. ನೀರಿನೊಳಗಿನ ದಿಬ್ಬಗಳನ್ನು ತಪ್ಪಿಸಿ ಹಡಗನ್ನು ಒಳಗೆ ನಡೆಸುವ ಒಬ್ಬ ಮನುಷ್ಯ ಬೇಕಾಯಿತು. ಯಾರೂ ಹೋಗಲಿಲ್ಲ.

ಆ ನೀರಿನ ದಾರಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವಾಂಗ್. ಅವನ ಹೆಂಡತಿ ಮೆಲುರ್. ಒಂದು ಸಂಜೆ ಗಂಡ ಬರುವುದು ತಡವಾಯಿತೆಂದು ಅವಳು ದೋಣಿಯಲ್ಲಿ ನಿಂತು ಕಾಡಿನ ಕಡೆ ಕೂಗಿದಳು. ಒಂದು ಸಲ, ಎರಡು ಸಲ, ಮೂರು ಸಲ. ಹಡಗಿನವರು ಕೇಳಿಸಿಕೊಂಡರು. ಹೆಸರು ಕಲಿತರು, ಕೂಗುವ ವರಸೆ ಕಲಿತರು. ಮರುದಿನ ಮಂಜಿನಲ್ಲಿ ಅದೇ ಹೆಂಗಸಿನ ದನಿಯಲ್ಲಿ ಕೂಗು ಕೇಳಿಸಿತು. ಅವಾಂಗ್. ಅವಾಂಗ್. ಮತ್ತೆ ಮತ್ತೆ. ಅವನು ಹೆಂಡತಿಯೇ ಎಂದುಕೊಂಡು ಬೇರುಗಳ ಸಂದಿಯಿಂದ ಹೊರಗೆ ಬಂದ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ.

ಅಜ್ಜಿ ನಿಲ್ಲಿಸಿದರು. ನಮ್ಮ ಕರಾವಳಿಯ ಬಸರೂರಿಗೆ ಅಕ್ಕಿಗೆ, ಮೆಣಸಿಗೆ ಬಂದವರೂ ಇದೇ ಡಚ್ಚರು. ಶಾಲೆಯಲ್ಲಿ ಎರಡು ಸಾಲು ಓದಿ ಪರೀಕ್ಷೆ ಬರೆದಿದ್ದೆ. ಆ ಎರಡು ಸಾಲಿನಲ್ಲಿ ಯಾರ ಹೆಂಡತಿಯೂ ಇರಲಿಲ್ಲ.

"ಅವತ್ತಿಂದ ನೀರಿನ್ ಮೇಲೆ ಇವ್ರು ಯಾರನ್ನೂ ಎರಡು ಸಲ ಕರೆಯಲ್ವಂತೆ" ಎಂದಳು ಅನಘಾ. "ಒಂದೇ ಸಲ. ಓಗೊಟ್ರೆ ಸರಿ, ಇಲ್ದಿದ್ರೆ ಬೇರೆ ಕಡೆ ಹೋಗಿ ಹುಡುಕ್ಬೇಕು. ಎರಡನೇ ಸಲ ಕರೆದ್ರೆ ಅದು ಮನುಷ್ಯರಲ್ಲ, ಬೆಲಂಡ. ಅಡಗಿಕೋಬೇಕಂತೆ."

ನನಗೆ ನಗು ಬಂತು, ಭಯದಲ್ಲಿ ಬರುತ್ತದಲ್ಲ, ಆ ಥರದ್ದು. "ನಮ್ಮಜ್ಜಿ ತದ್ವಿರುದ್ಧ ಹೇಳ್ತಿದ್ರು. ಸಂಜೆ ಮೇಲೆ ಹೊರಗಡೆಯಿಂದ ಯಾರಾದ್ರೂ ಹೆಸರು ಹಿಡಿದು ಕೂಗಿದ್ರೆ ಒಂದನೇ ಸಲಕ್ಕೆ ಓಗೊಡಬಾರದು. ದೆವ್ವ ಗುರುತಿರೋರ ದನಿಯಲ್ಲೇ ಕರೆಯತ್ತೆ. ಆದ್ರೆ ಮೂರು ಸಲ ಕರೆಯೋಕೆ ಅದಕ್ಕಾಗಲ್ಲ. ಮೂರನೇ ಕೂಗಿಗೇ ಬಾಗಿಲು ತೆಗೀಬೇಕು. ನಾನು ಇವತ್ತಿಗೂ ಒಂದನೇ ಸಲಕ್ಕೆ ಓ ಅನ್ನಲ್ಲ, ನಿಮ್ಮಮ್ಮನ್ನ ಕೇಳು."

ಅನಘಾ ಅದನ್ನು ಮಲಯದಲ್ಲಿ ಹೇಳಿದಳು. ಅಜ್ಜಿ ನನ್ನ ಕಡೆ ತಿರುಗಿ ಏನೋ ಅಂದರು.

"ಹಾಗಾದ್ರೆ ನಾವಿಬ್ರೂ ಕಳೆದುಹೋದ್ರೆ ಒಬ್ರಿಗೊಬ್ರು ಸಿಕ್ಕೋದೇ ಇಲ್ಲ ಅಂತಿದಾರೆ" ಎಂದಳು ಅನಘಾ. ಎಲ್ಲರೂ ನಕ್ಕೆವು, ಹಮೀದ್ ಒಬ್ಬನನ್ನು ಬಿಟ್ಟು.

ಮರಳದಿಬ್ಬ

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಮಾತು ಮುಗಿದ ಮೇಲೆ ಅದೇ ಜಾಗದಲ್ಲಿ ಯಾರೂ ಮಾತಾಡದ, ಕೆಮ್ಮದ, ಬರೀ ಆ ಜಾಗದ ಸದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಮಾತಿನ ತುಂಡುಗಳನ್ನು ಜೋಡಿಸುವಾಗ ಸಂದು ತುಂಬಲು ಅದು ಬೇಕು. ಗದ್ದೆಯ ಬದು, ಗುಡಿಯ ಪ್ರಾಂಗಣ, ಎಲ್ಲಿಯೂ ನಾನು ಅದನ್ನು ಬಿಟ್ಟವಳಲ್ಲ. ದೋಣಿಯಲ್ಲಿ ಆ ಸದ್ದು ಸಿಗುತ್ತಿರಲಿಲ್ಲ, ಹಲಗೆ ಕಿರುಗುಟ್ಟುತ್ತಿತ್ತು. ನಿಜ ಹೇಳಬೇಕೆಂದರೆ ದಿಬ್ಬದ ಗಟ್ಟಿ ಮರಳು ನನ್ನನ್ನು ಕರೆಯುತ್ತಿತ್ತು. ನೀರಿನಿಂದ ಹತ್ತು ನಿಮಿಷದ ಬಿಡುಗಡೆ ಸಿಕ್ಕರೆ ಸಾಕಾಗಿತ್ತು. ನನ್ನನ್ನು ಅಲ್ಲಿ ಇಳಿಸಿ ದೋಣಿಯನ್ನು ಕಾಡಿನ ತಿರುವಿನ ಆಚೆ ಒಯ್ಯಲು ಕೇಳಿಕೊಂಡೆ.

ಹಮೀದ್ ಆಕಾಶ ನೋಡಿದ. "ಟೆನ್ ಮಿನಿಟ್ಸ್ ಕ್ಯಾನ್. ಮೋರ್, ಕೆನಾಟ್. ವಾಟರ್ ಕಮಿಂಗ್."

ಇಳಿದವಳು ಮಾಡಿದ ಮೊದಲ ಕೆಲಸ ಲೈಫ್ ಜಾಕೆಟ್ ಬಿಚ್ಚಿ ದೋಣಿಗೆ ಎಸೆದದ್ದು. ಅದರ ನೈಲಾನು ಉಸಿರಾಡಿದರೂ ಸರಸರ ಎನ್ನುತ್ತಿತ್ತು, ಮೈಕಿಗೆ ಆಗುತ್ತಿರಲಿಲ್ಲ. ಮೊಬೈಲ್ ಕೂಡ ದೋಣಿಯಲ್ಲೇ ಬಿಟ್ಟೆ. ಅದು ಹತ್ತಿರವಿದ್ದರೆ ಧ್ವನಿಮುದ್ರಣದಲ್ಲಿ ಗುಯ್‌ಗುಟ್ಟುತ್ತದೆ. ನೀರು ಸಿಡಿಯದಂತೆ ಯಂತ್ರಕ್ಕೆ ವೀಣಾಳ ಸ್ನಾನದ ಟೋಪಿ ಹೊದಿಸಿ, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದೆ. ಏಡಿಗಳು ಮರಳು ಕೆರೆಯುವ ಸದ್ದು, ಬೇರುಗಳ ನಡುವೆ ನೀರು ಚಪ್ಪರಿಸುವ ಸದ್ದು. ದೂರದಲ್ಲಿ ಗುಡುಗು. ಎಂಥ ಒಳ್ಳೆಯ ಗುಡುಗು ಸಿಕ್ಕಿತು ಎಂದು ಖುಷಿಪಟ್ಟೆ. ಇಂಥ ಹುಚ್ಚಿ ನಾನು.

ಕಣ್ಣು ಬಿಟ್ಟಾಗ ಪಶ್ಚಿಮ ಕಪ್ಪಾಗಿತ್ತು. ಅಲ್ಲಿನವರು ಸುಮಾತ್ರಾ ಎನ್ನುವ ಗಾಳಿಮಳೆ ಅದು, ಬೆಳಗಿನ ಹೊತ್ತು ಹೇಳದೆ ಕೇಳದೆ ಬರುತ್ತದೆ. ನಮ್ಮ ಮಳೆ ಮೊದಲು ನಾಲ್ಕು ಹನಿ ಹಾಕಿ ಬಟ್ಟೆ ಎತ್ತಿಕೊಳ್ಳಲು ಸಮಯ ಕೊಡುತ್ತದೆ. ಇದು ಕೊಡಲಿಲ್ಲ. ಗಾಳಿ ನನ್ನನ್ನು ಮೊಣಕಾಲಿನ ಮೇಲೆ ಕೆಡವಿತು. ಎದ್ದು ನೋಡಿದರೆ ಕಾಡೂ ಇಲ್ಲ, ದಡವೂ ಇಲ್ಲ, ಸುತ್ತ ಬಿಳಿ. ನೀರು ಹಿಮ್ಮಡಿಗೆ ಬಂದಿತ್ತು.

ಹತ್ತು ನಿಮಿಷ ಆಯಿತೋ ಅರ್ಧ ಗಂಟೆಯೋ ಗೊತ್ತಿಲ್ಲ. ನೀರು ಮೊಣಕಾಲು ದಾಟಿತು. ಸೀರೆ ಬಿಟ್ಟು ಚೂಡಿದಾರ್ ಹಾಕಿಕೊಂಡದ್ದಕ್ಕೆ ತಂಗಿಯನ್ನು ನೆನೆದೆ. ರಾಮ ರಾಮ ಎನ್ನುತ್ತಿದ್ದೆ. ಯಂತ್ರವನ್ನು ತಲೆಯ ಮೇಲೆ ಹಿಡಿದಿದ್ದೆ. ಆಗ ಕೇಳಿಸಿತು.

"ಆಂಟಿ!"

ಒಂದೇ ಸಲ. ಎಡಗಡೆಯಿಂದಲೋ ಬಲಗಡೆಯಿಂದಲೋ ತಿಳಿಯಲಿಲ್ಲ. ಗಂಡಸಿನ ದನಿ. ಹಮೀದನದೇ ಇರಬೇಕು. ಬಾಯಿ ತೆರೆದೆ. ಮುಚ್ಚಿದೆ. ಐವತ್ತು ವರ್ಷದ ಹಿಂದೆ ಸತ್ತುಹೋದ ನನ್ನ ಅಜ್ಜಿ ಆ ನೀರಿನಲ್ಲಿ ನಿಂತು ನನ್ನ ಬಾಯಿಗೆ ಕೈ ಅಡ್ಡ ಇಟ್ಟ ಹಾಗಾಯಿತು. ಅದರ ಮೇಲೆ ಆಗಷ್ಟೇ ಕೇಳಿದ ಅವಾಂಗ್‌ನ ಕಥೆ. ಇನ್ನೊಂದು ಸಲ ಕೂಗಲಿ, ಓಗೊಡೋಣ ಎಂದು ಕಾದೆ. ಓದಿದವಳು, ಪಿಂಚಣಿ ತೆಗೆದುಕೊಳ್ಳುವವಳು, ಜೀವ ಹೋಗುವ ಹೊತ್ತಿನಲ್ಲಿ ಕಾದೆ.

ಎರಡನೇ ಕೂಗು ಬರಲಿಲ್ಲ. ಇಂಜಿನ್ ಶುರುವಾದ ಸದ್ದು ಬಂತು, ಆಮೇಲೆ ಅದು ದೂರವಾಯಿತು.

ಆಗ ನನಗೆ ಅರ್ಥವಾಯಿತು. ಅವನು ಎರಡನೇ ಸಲ ಕರೆಯುವವನಲ್ಲ. ನಾನು ಓಗೊಡಲಿಲ್ಲ, ಆದ್ದರಿಂದ ಅಲ್ಲಿ ಇಲ್ಲ. ಬೇರೆ ಕಡೆ ಹುಡುಕಲು ಹೋದ. ಕಿರುಚಲು ನೋಡಿದೆ. ಕನಸಿನಲ್ಲಿ ಆಗುತ್ತದಲ್ಲ, ಹಾಗೆ ಗಂಟಲಿನಿಂದ ಗಾಳಿ ಮಾತ್ರ ಬಂತು. ಮಳೆಯ ಬಿಳಿಯಲ್ಲಿ ಕಪ್ಪಗೆ, ಎತ್ತರವಾಗಿ ಏನೋ ನಿಂತಿತ್ತು. ಹಡಗಿನ ಮೂತಿ. ಆಮೇಲೆ ಗೊತ್ತಾಯಿತು, ಅದು ಲಂಗರು ಹಾಕಿದ, ಮರಳು ಸಾಗಿಸುವ ಬಾರ್ಜು ಹಡಗು. ಆ ಹೊತ್ತಿಗೆ ಅದು ಏನೆಂದು ನನಗೆ ಅನುಮಾನವೇ ಇರಲಿಲ್ಲ. ನನ್ನನ್ನು ಒಯ್ಯಲು ಬಂದಿದ್ದಾರೆ ಎಂದೇ ನಂಬಿದೆ. ನೀರು ಸೊಂಟಕ್ಕೆ ಬಂದು ಕಾಲಡಿಯ ಮರಳು ಸರಿಯತೊಡಗಿತು.

ಆಗ ಯಾರೋ ನನ್ನ ಹೆಸರು ಕರೆದರು.

"ಶಾರದಾ...!"

ಉದ್ದವಾಗಿ, ಎತ್ತರದಲ್ಲಿ, ಗಾಳಿಯನ್ನು ಸೀಳಿಕೊಂಡು ಬಂದ ದನಿ. ಆ ದೋಣಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ಹಮೀದನಿಗೆ ಆಂಟಿ, ಅನಘಾಗೆ ದೊಡ್ಡಮ್ಮ. ಹಡಗಿನವರು ಹೆಸರು ಕಲಿತರು ಎಂದುಕೊಂಡೆ.

"ಶಾರದಾ...!"

ಎರಡನೆಯದು. ಈ ಸಲ ಕೊನೆಯಲ್ಲಿ ದನಿ ಒಡೆಯಿತು. ಸಿಮೆಂಟಿನ ಮೇಲೆ ಮಡಕೆ ಎಳೆದ ಹಾಗೆ. ನನ್ನ ಕಿವಿಗೆ ಗುರುತು ಸಿಕ್ಕಿತು, ಆದರೆ ಬಾಯಿ ಕೇಳಲಿಲ್ಲ.

"ಶಾ... ರ..."

ಮೂರನೆಯದು ಪೂರ್ತಿಯಾಗಲಿಲ್ಲ. "ಓ! ಇಲ್ಲಿದೀನಿ! ಓ!" ಎಂದು ನಾನು ಕೂಗಿದ್ದು ಆಚೆ ದಡದ ಮಲೇಷ್ಯಾಕ್ಕೂ ಕೇಳಿಸಿರಬೇಕು.

ಮತ್ತೆ ದೋಣಿ

ಹಮೀದ್ ನನ್ನನ್ನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡ. ನಾನು ದೋಣಿಯ ತಳದಲ್ಲಿ ಮೀನಿನ ಹಾಗೆ ಬಿದ್ದುಕೊಂಡು ನಡುಗುತ್ತಿದ್ದೆ. ಅನಘಾ ನನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಳುತ್ತ ಹೇಳಿದಳು:

"ಹಮೀದ್ ಅಂಕಲ್ ಒಂದೇ ಸಲ ಕರೆದು ಇಂಜಿನ್ ಸ್ಟಾರ್ಟ್ ಮಾಡ್ಬಿಟ್ರು ದೊಡ್ಡಮ್ಮ. ನಾನು ಕೂಗಕ್ಕೆ ಹೋದ್ರೆ ಭುಜ ಹಿಡ್ಕೊಂಡು ಬೇಡ ಅಂದ್ರು. ಆಮೇಲೆ ನಂಗೆ ನಿಮ್ಮಜ್ಜಿ ಕಥೆ ನೆನಪಾಯ್ತು. ನಮ್ ದೊಡ್ಡಮ್ಮ ಮೂರನೇ ಸಲಕ್ಕೇ ಓಗೊಡೋದು ಅಂತ ನೆನೆಕ್‌ಗೆ ಕೈ ಮುಗಿದು ಹೇಳ್ದೆ."

"ಅದಕ್ಕೆ ಏನಂದ್ರು?"

"ಮೊದ್ಲು ಇಂಜಿನ್ ಆಫ್ ಮಾಡ್ಸಿದ್ರು. ಇದನ್ನ ಮುರಿಯೋದಾದ್ರೆ ದೊಡ್ಡವಳು ನಾನೇ ಮುರೀಬೇಕು, ನೀವ್ಯಾರೂ ಬಾಯಿ ತೆಗೀಬೇಡಿ ಅಂತ ಎದ್ದು ನಿಂತ್ಕೊಂಡ್ರು."

ಅಜ್ಜಿ ದೋಣಿಯ ಮೂತಿಯಲ್ಲಿ ನೆನೆದ ಕೋಳಿಯಂತೆ ಮುದುಡಿ ಕೂತಿದ್ದರು. ತಲೆವಸ್ತ್ರದ ತುದಿಯಿಂದ ಬಾಯಿ ಒರೆಸಿಕೊಂಡರು, ಅದರಲ್ಲಿ ಸ್ವಲ್ಪ ರಕ್ತವಿತ್ತು. ನಾನು ತೆವಳಿಕೊಂಡು ಹೋಗಿ ಅವರ ಕಾಲು ಹಿಡಿದೆ. ಹಮೀದ್ ನನ್ನ ಕಡೆ ನೋಡುತ್ತಿರಲಿಲ್ಲ. ಎಷ್ಟೋ ತಲೆಮಾರು ಯಾರೂ ಮಾಡದ ಕೆಲಸವನ್ನು ಅವನ ತಾಯಿ ಒಬ್ಬ ಅಪರಿಚಿತಳಿಗಾಗಿ ಮಾಡಿದ್ದರು, ಅದೂ ಉಳಿದಿದ್ದ ದನಿಯನ್ನೆಲ್ಲ ಸುರಿದು. ಅವನು ದಾರಿಯುದ್ದಕ್ಕೂ ಹಿಂದೆ ಹಿಂದೆ ತಿರುಗಿ ನೀರನ್ನು ನೋಡುತ್ತಿದ್ದ. ಮಳೆ ನಿಂತು ಬಿಸಿಲು ಬಂದಿತ್ತು. ಆದರೂ ಅವನಿಗೆ ಹೆದರಿಕೆಯಾಗಿತ್ತು, ನನಗೂ.

ಜೆಟ್ಟಿಯಲ್ಲಿ ಇಳಿಯುವಾಗ ಅಜ್ಜಿ ಯಂತ್ರವನ್ನು ತೋರಿಸಿ ಅನಘಾಳ ಕಿವಿಯಲ್ಲಿ ಉಸುರಿದರು. ದನಿ ಆಗಲೇ ಹೋಗಿತ್ತು.

"ಇದನ್ನ ನೀರಿನ್ ಮೇಲೆ ಯಾವತ್ತೂ ಪ್ಲೇ ಮಾಡ್ಬೇಡಿ ಅಂತಿದಾರೆ" ಎಂದಳು ಅವಳು.

ಆಗ ನೋಡಿದೆ. ಸ್ನಾನದ ಟೋಪಿಯ ಒಳಗೆ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಯಂತ್ರವನ್ನು ನಾನು ನಿಲ್ಲಿಸಿಯೇ ಇರಲಿಲ್ಲ.

ಆಸ್ಪತ್ರೆ, ಆರನೇ ಮಹಡಿ

ಶಸ್ತ್ರಚಿಕಿತ್ಸೆಯ ದಿನವಿಡೀ ನಾನು ವೀಣಾಳ ದೇವರ ಗೂಡಿನ ಮುಂದೆ ಕೂತಿದ್ದೆ. ನನ್ನಿಂದ ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಭಯ ದಿಬ್ಬದ ಮೇಲಿನ ಭಯಕ್ಕಿಂತ ಕೆಟ್ಟದ್ದಾಗಿತ್ತು. ಆವತ್ತಿನ ರಕ್ತಕ್ಕೂ ಕೂಗಿದ್ದಕ್ಕೂ ಸಂಬಂಧವಿಲ್ಲ, ಗಡ್ಡೆಯಿಂದ ಅದು ಹೇಗೂ ಬರುತ್ತಿತ್ತು ಎಂದು ವೈದ್ಯರು ಹಮೀದನಿಗೆ ಹೇಳಿದ್ದರಂತೆ. ನನಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಲಿಟಲ್ ಇಂಡಿಯಾಕ್ಕೆ ಹೋಗಿ ಮಲ್ಲಿಗೆ ತಂದು ದೇವರಿಗೆ ಏರಿಸಿದೆ. ಯಂತ್ರವನ್ನು ಕಪಾಟಿನಲ್ಲಿಟ್ಟಿದ್ದೆ. ರೆಕಾರ್ಡ್ ಮಾಡಿದ್ದನ್ನು ಆವತ್ತೇ ಕೇಳಿ ಪರೀಕ್ಷಿಸದೆ ನಾನು ಎಂದೂ ಮಲಗಿದವಳಲ್ಲ. ಇದನ್ನು ಮುಟ್ಟಲು ಧೈರ್ಯ ಬರಲಿಲ್ಲ.

ನಾನು ಹೊರಡುವ ಹಿಂದಿನ ದಿನ ಹಮೀದ್ ಫೋನ್ ಮಾಡಿದ. "ಆಂಟಿ, ಬ್ರಿಂಗ್ ದ ಮೆಷಿನ್. ಮೈ ಮದರ್ ವಾಂಟ್."

ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. ಕುತ್ತಿಗೆಯಲ್ಲಿ ಉಸಿರಾಟಕ್ಕೆ ಒಂದು ಪುಟ್ಟ ಕೊಳವೆ. ಉಸಿರು ಅಲ್ಲಿಂದ ಸಣ್ಣಗೆ ಸದ್ದು ಮಾಡುತ್ತ ಹೋಗಿ ಬರುತ್ತಿತ್ತು. ನನ್ನನ್ನು ಕಂಡು ತುಟಿ ಅಲ್ಲಾಡಿಸಿದರು. ಮೂರು ಅಕ್ಷರ. ಏನೂ ಕೇಳಿಸಲಿಲ್ಲ. ನನ್ನ ಹೆಸರೇ ಎಂದು ಗೊತ್ತಾಗಿ ಕಣ್ಣು ತುಂಬಿತು.

ಯಂತ್ರವನ್ನು ಅವರ ಮಡಿಲಿನ ಮೇಲಿಟ್ಟು ಚಾಲೂ ಮಾಡಿದೆ. ಆ ಕೋಣೆಯಲ್ಲಿ ಜೆರಿಯಾ ಅಜ್ಜಿಯ ದನಿ ಎದ್ದು ನಿಂತಿತು. ದಿಬ್ಬ, ಚಿಪ್ಪು, ನೀಲಿ ಬಟ್ಟೆ, ಮೆಲುರ್, ಅವಾಂಗ್. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಗೋಡೆಗೆ ಒರಗಿ ನಿಂತಿದ್ದ ಹಮೀದ್ ನಿಧಾನವಾಗಿ ನೆಲದ ಮೇಲೆ ಕೂತ. ಬಾಯಿಪಾಠ ಒಪ್ಪಿಸುವವನಂತೆ ಅವನ ತುಟಿಯೂ ಅಲ್ಲಾಡುತ್ತಿತ್ತು. ಆಮೇಲೆ ಏಡಿಗಳು. ಗುಡುಗು. ಮಳೆ. ನನ್ನ ನಾಚಿಕೆಗೇಡಿನ ರಾಮ ರಾಮ. "ಆಂಟಿ!" ಎಂಬ ಒಂದೇ ಕೂಗು, ಅದರ ಹಿಂದೆ ಉದ್ದಕ್ಕೂ ಮಳೆ. ಹಮೀದ್ ಮುಖ ಎತ್ತಿ ನನ್ನನ್ನು ನೋಡಿದ. ಆ ಮಳೆಯ ನಡುವೆ ನಾನು ಬಾಯಿ ಮುಚ್ಚಿಕೊಂಡು ಇದ್ದೆನೆಂದು ಅವನು ಈಗ ಕೇಳುತ್ತಿದ್ದ. "ಸಾರಿ" ಎಂದೆ. ಅವನು ತಲೆಯಾಡಿಸಿದ.

ಮುಂದಿನದು ಏನೆಂದು ನನಗೆ ಗೊತ್ತಿತ್ತು. ಒಂದು ಕೂಗಿನ ನಂತರ ನಿಲ್ಲಿಸಿಬಿಡಬೇಕು, ಎರಡನೆಯದು ಅವರ ಮನೆಯವರ ಕಿವಿಗೆ ಬೀಳಬಾರದು ಎಂದು ಬೆರಳನ್ನು ಗುಂಡಿಯ ಹತ್ತಿರ ಸಿದ್ಧವಾಗಿ ಇಟ್ಟುಕೊಂಡೆ.

"ಶಾರದಾ...!"

"ಓ! ಬಂದೆ!"

ಬೆರಳು ಅಲ್ಲಾಡಲಿಲ್ಲ, ಬಾಯಿ ಓಗೊಟ್ಟುಬಿಟ್ಟಿತ್ತು. ಅದೂ ಎಷ್ಟು ಜೋರಾಗಿ ಎಂದರೆ ಬಾಗಿಲಿನಿಂದ ನರ್ಸ್ ಇಣುಕಿದಳು. ಜೆರಿಯಾ ಅಜ್ಜಿ ಕಣ್ಣು ಬಿಟ್ಟರು. ಅವರ ಹೆಗಲು ಕುಲುಕತೊಡಗಿತು. ಸದ್ದಿಲ್ಲದೆ, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದರು. ಹಾಗೆ ನಗುತ್ತಲೇ ಕೈ ಚಾಚಿ, ಎರಡನೆಯ ಕೂಗು ಬರುವ ಮೊದಲು ಯಂತ್ರವನ್ನು ತಾವೇ ನಿಲ್ಲಿಸಿದರು.